ಗ್ರಾಹಕರತ್ತ ನೋಟವೋ, ಪ್ರತಿಸ್ಪರ್ಧಿಯತ್ತ ನೋಟವೋ?

ಸ್ಟಾರ್ಟ್‌ಅಪ್ ಕಟ್ಟುವವರ ಮುಂದೆ ಎರಡು ದಾರಿ: ಪ್ರತಿಸ್ಪರ್ಧಿ ಏನು ಮಾಡುತ್ತಿದ್ದಾನೆಂದು ನೋಡಿ ಹೆಜ್ಜೆ ಇಡುವುದು, ಇಲ್ಲವೇ ಗ್ರಾಹಕ ಎಲ್ಲಿ ಒದ್ದಾಡುತ್ತಿದ್ದಾನೆಂದು ನೋಡಿ ಹೆಜ್ಜೆ ಇಡುವುದು.

ಮೊದಲನೆಯದು ಸಲೀಸು. ಮಾರುಕಟ್ಟೆ ಇದೆಯೆಂದು ಆಗಲೇ ಖಾತ್ರಿಯಾಗಿರುತ್ತದೆ, ಬೆಲೆಯ ಅಂದಾಜೂ ಸಿಗುತ್ತದೆ. ಆದರೆ ಜನ ಇದ್ದ ಜಾಗ ಬಿಟ್ಟು ನಿಮ್ಮ ಬಳಿ ಯಾಕೆ ಬರಬೇಕು? 2011ರಲ್ಲಿ ಫೇಸ್‌ಬುಕ್‌ಗೆ ಎದುರಾಗಿ ಬಂದ ಗೂಗಲ್ ಪ್ಲಸ್‌ಗೆ ಹಣಕ್ಕಾಗಲಿ ಎಂಜಿನಿಯರ್‌ಗಳಿಗಾಗಲಿ ಕೊರತೆಯಿರಲಿಲ್ಲ. ಆದರೂ 2019ರಲ್ಲಿ ಸಾಮಾನ್ಯ ಬಳಕೆದಾರರಿಗೆ ಬಾಗಿಲು ಮುಚ್ಚಿತು.

ಎರಡನೆಯದು ನಿಧಾನ, ಮೈಮುರಿಯುವ ಕೆಲಸ. ಜನರ ಮನೆ, ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಿಸುವ ತಾಣ ಏರ್‌ಬಿಎನ್‌ಬಿ. 2009ರಲ್ಲಿ ಅದರ ಸ್ಥಾಪಕರು ನ್ಯೂಯಾರ್ಕ್‌ನಲ್ಲಿ ಹೀಗೆ ಮನೆ ಬಾಡಿಗೆಗೆ ಕೊಡುವ ಆತಿಥೇಯರ ಮನೆಬಾಗಿಲಿಗೇ ಹೋದರು. ಜಾಹೀರಾತಿನಲ್ಲಿದ್ದ ಮನೆಗಳ ಫೋಟೋಗಳು ಕಳಪೆಯಾಗಿದ್ದವು. ತಾವೇ ಕ್ಯಾಮೆರಾ ಹಿಡಿದು ಚೆನ್ನಾಗಿ ತೆಗೆದುಕೊಟ್ಟರು, ಬುಕಿಂಗ್ ಏರಿತು. ಆಫೀಸಿನಲ್ಲಿ ಕೂತು ಪ್ರತಿಸ್ಪರ್ಧಿಗಳ ಪಟ್ಟಿ ಮಾಡುತ್ತಿದ್ದರೆ ಇದು ಹೊಳೆಯುತ್ತಿತ್ತೇ? ನನಗಂತೂ ಅನುಮಾನ.

ಹಾಗಂತ ಗ್ರಾಹಕ ಕೇಳಿದ್ದನ್ನೆಲ್ಲ ಕಟ್ಟಿಕೊಡಲು ಹೊರಡಬೇಡಿ. “ಈ ಸೌಲಭ್ಯ ಬೇಕಾ?” ಎಂದರೆ ಬಹಳಷ್ಟು ಜನ ಹೂಂ ಅಂದುಬಿಡುತ್ತಾರೆ. “ಕಳೆದ ಸಲ ಈ ತೊಂದರೆ ಬಂದಾಗ ಏನು ಮಾಡಿದಿರಿ?” ಎಂದು ಕೇಳಿ, ನಿಜವಾದ ಅಗತ್ಯ ಅಲ್ಲಿ ಬಾಯಿಬಿಡುತ್ತದೆ.

ದುಡ್ಡು ಕಮ್ಮಿ, ಬಳಕೆದಾರರು ಬೆರಳೆಣಿಕೆ ಎನ್ನುವ ಹಂತದಲ್ಲಿದ್ದರೆ ಕಣ್ಣುಮುಚ್ಚಿ ಎರಡನೆಯದನ್ನೇ ಆರಿಸಿ. ಪ್ರತಿಸ್ಪರ್ಧಿಯ ಬೆಲೆಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು.