ಅಂಚೆ ಕಚೇರಿಯ ಆರ್‌ಡಿ: ಅರವತ್ತು ಕಂತು ಕಟ್ಟಿದವನ ಅನುಭವ

ದಾವಣಗೆರೆಯಲ್ಲಿ ಖಾಸಗಿ ಕಾಲೇಜೊಂದರ ಕಚೇರಿ ನೌಕರನಾದ ನಾನು 2020ರ ಜುಲೈ 9ರಂದು ಅಂಚೆ ಕಚೇರಿಯಲ್ಲಿ ತಿಂಗಳಿಗೆ 2,000 ರೂಪಾಯಿಯ ಐದು ವರ್ಷದ ಆರ್‌ಡಿ (ರಿಕರಿಂಗ್ ಡೆಪಾಸಿಟ್, ಅಂದರೆ ಪ್ರತಿ ತಿಂಗಳೂ ನಿಗದಿತ ಕಂತು ಕಟ್ಟುವ ಠೇವಣಿ) ಖಾತೆ ತೆರೆದೆ. 2025ರ ಜುಲೈಯಲ್ಲಿ ಅವಧಿ ಮುಗಿದು, ಕಟ್ಟಿದ 1,20,000 ರೂಪಾಯಿಗೆ 1,39,393 ರೂಪಾಯಿ ಕೈಗೆ ಬಂತು. ಈ ಮೊತ್ತವನ್ನಷ್ಟೇ ನೋಡಿದವರಿಗೆ ಇದು ಸಾಧಾರಣ ಯೋಜನೆಯಾಗಿ ಕಂಡೀತು. ಆದರೆ ನನ್ನ ಮಟ್ಟಿಗೆ ಇದರ ನಿಜವಾದ ಉಪಯೋಗವಾದದ್ದು ಅವಧಿ ಮುಗಿದಾಗಲ್ಲ, ಎರಡನೇ ವರ್ಷದ ಕೊನೆಗೆ. ಅದೂ ನಾನು ಖಾತೆ ತೆರೆಯುವಾಗ ಊಹಿಸಿಯೂ ಇರದ ರೀತಿಯಲ್ಲಿ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಖಾತೆ ತೆರೆದಾಗ ನನ್ನ ಕ್ರೆಡಿಟ್ ಕಾರ್ಡಿನ ಮೇಲೆ 68,000 ರೂಪಾಯಿ ಬಾಕಿಯಿತ್ತು. ಜೊತೆಗೆ ಬೈಕಿನ ಸಾಲ ಮತ್ತು ಭಾವನಿಂದ ಪಡೆದ 40,000 ರೂಪಾಯಿ ಕೈಸಾಲ. ಕಾರ್ಡಿನ ಬಿಲ್ಲಿನಲ್ಲಿ ಕಾಣುವ ‘ಕನಿಷ್ಠ ಪಾವತಿ’ಯನ್ನು ತಪ್ಪದೆ ಕಟ್ಟುತ್ತಿದ್ದೆನಾದ್ದರಿಂದ ಸಾಲ ತೀರುತ್ತಿದೆ ಎಂಬ ಭ್ರಮೆಯಲ್ಲಿದ್ದೆ. ಒಂದು ಭಾನುವಾರ ಬಿಲ್ಲನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದಾಗ ತಿಳಿದದ್ದು ಇಷ್ಟು: ಖಾತೆ ತೆರೆದಾಗಿನ 68,000 ರೂಪಾಯಿ ಬಾಕಿಯ ಶೇ. 5ರಷ್ಟು, ಅಂದರೆ 3,400 ರೂಪಾಯಿ ಕಟ್ಟಿದರೆ, ಅದರಲ್ಲಿ 2,380 ರೂಪಾಯಿ ತಿಂಗಳಿಗೆ ಶೇ. 3.5ರ ಬಡ್ಡಿಗೆ, ಆ ಬಡ್ಡಿಯ ಮೇಲಿನ ಶೇ. 18ರ ಜಿಎಸ್‌ಟಿಗೆ 428 ರೂಪಾಯಿ, ಅಸಲಿಗೆ ಸೇರುವುದು ಬರೀ 592 ರೂಪಾಯಿ. ವರ್ಷಕ್ಕೆ ಶೇ. 42ರ ಬಡ್ಡಿ ತೆರುತ್ತಿದ್ದವನು ಶೇ. 5.8ರ ಬಡ್ಡಿ ಬರುವಲ್ಲಿ ಉಳಿತಾಯ ಮಾಡಿ ಹೆಮ್ಮೆಪಡುತ್ತಿದ್ದೆ. ಮೊದಲ ವರ್ಷ ಆರ್‌ಡಿಯಲ್ಲಿ ಬೆಳೆದ ಬಡ್ಡಿ ಸುಮಾರು 750 ರೂಪಾಯಿ; ಅದೇ ಎರಡೆರಡು ಸಾವಿರವನ್ನು ಕಾರ್ಡಿಗೆ ಕಟ್ಟಿದ್ದರೆ ಐದು ಸಾವಿರಕ್ಕೂ ಹೆಚ್ಚು ಬಡ್ಡಿ ತಪ್ಪುತ್ತಿತ್ತು. ಕಾರ್ಡಿನ ಬಾಕಿ ಇರುವವರು ಈ ಯೋಜನೆಗೆ ಕೈಹಾಕುವ ಮೊದಲು ಅದನ್ನು ತೀರಿಸಿಕೊಳ್ಳುವುದು ಒಳ್ಳೆಯದು.

ಈ ಲೆಕ್ಕ ತಿಳಿಯುವ ಹೊತ್ತಿಗೆ ಇಪ್ಪತ್ತನಾಲ್ಕು ಕಂತು ಕಟ್ಟಿಯಾಗಿತ್ತು. ಖಾತೆ ತೆರೆದಾಗಿನಿಂದ ಕಾರ್ಡನ್ನು ಬಳಸದಿದ್ದರೂ ಬಾಕಿ ಇನ್ನೂ 55,000 ರೂಪಾಯಿಯ ಆಸುಪಾಸಿನಲ್ಲೇ ಇತ್ತು. ಖಾತೆಯನ್ನೇ ಮುಚ್ಚಿಬಿಡೋಣವೆಂದರೆ ಮೂರು ವರ್ಷ ತುಂಬುವ ಮೊದಲು ಅದಕ್ಕೆ ಅವಕಾಶವಿಲ್ಲ. ತುಂಬಿದ ಮೇಲೂ, ಅವಧಿಗೆ ಒಂದೇ ಒಂದು ದಿನ ಮೊದಲು ಮುಚ್ಚಿದರೂ, ಸಿಗುವುದು ಉಳಿತಾಯ ಖಾತೆಯ ಬಡ್ಡಿ ಮಾತ್ರ. ಆಗ ದಾರಿ ತೋರಿಸಿದವರು ಮನೆಮನೆಗೆ ಬಂದು ಕಂತು ಸಂಗ್ರಹಿಸುವ ನಮ್ಮ ಬೀದಿಯ ಏಜೆಂಟ್ ಅಕ್ಕ. ಹನ್ನೆರಡು ಕಂತು ಕಟ್ಟಿ, ಒಂದು ವರ್ಷ ಖಾತೆ ನಡೆದಿದ್ದರೆ, ಅದರಲ್ಲಿರುವ ಹಣದ ಅರ್ಧದಷ್ಟು ಸಾಲ ಸಿಗುತ್ತದೆ. ಅದರ ಬಡ್ಡಿ ಆರ್‌ಡಿಯ ದರಕ್ಕಿಂತ ಶೇ. 2ರಷ್ಟು ಮಾತ್ರ ಹೆಚ್ಚು, ಅದೂ ಸರಳ ಬಡ್ಡಿ. ಪಾಸ್‌ಬುಕ್ ಜೊತೆ ಅರ್ಜಿ ಕೊಟ್ಟು ಶೇ. 7.8ರ ಬಡ್ಡಿಗೆ 24,000 ರೂಪಾಯಿ ಪಡೆದು, ಅಷ್ಟನ್ನೂ ಕಾರ್ಡಿಗೆ ಕಟ್ಟಿದೆ. ಕಾರ್ಡಿನಲ್ಲಿದ್ದಾಗ ಈ 24,000 ರೂಪಾಯಿಗೆ ತಿಂಗಳೊಂದಕ್ಕೇ 840 ರೂಪಾಯಿ ಬಡ್ಡಿ ಬೀಳುತ್ತಿತ್ತು. ಅಂಚೆ ಕಚೇರಿಗೆ ಹನ್ನೆರಡು ತಿಂಗಳಲ್ಲಿ ತೀರಿಸಿದಾಗ ಇಡೀ ವರ್ಷದ ಬಡ್ಡಿ ಸಾವಿರ ರೂಪಾಯಿಯ ಆಸುಪಾಸು. ಅಷ್ಟರಲ್ಲಿ ಬೈಕಿನ ಸಾಲವೂ ಮುಗಿದು ಕೈ ಸ್ವಲ್ಪ ಸಡಿಲವಾಗಿತ್ತು. ಕಾರ್ಡಿಗೆ ‘ಕನಿಷ್ಠ’ದ ಗೊಡವೆಯಿಲ್ಲದೆ ಪ್ರತಿ ತಿಂಗಳೂ 3,400 ರೂಪಾಯಿಯನ್ನೇ ಕಟ್ಟುತ್ತ ಹೋದೆ, 2023ರ ಜುಲೈಗೆ ಬಾಕಿ ಸೊನ್ನೆಯಾಯಿತು. ಭಾವನ ಹಣವನ್ನು ಮರುವರ್ಷದ ಮೇ ತಿಂಗಳಲ್ಲಿ ಪೂರ್ತಿ ಮರಳಿಸಿದೆ. ಬಡ್ಡಿ ಕೇಳದ ಸಾಲವನ್ನು ಕೊನೆಗಿಟ್ಟದ್ದು ಲೆಕ್ಕಕ್ಕೆ ಸರಿ. ಆದರೆ ಆ ನಾಲ್ಕು ವರ್ಷ ಹಬ್ಬಕ್ಕೆ ಅಕ್ಕನ ಮನೆಗೆ ಹೋದಾಗಲೆಲ್ಲ ತಲೆ ತಗ್ಗಿಸಿಯೇ ಊಟಕ್ಕೆ ಕೂರುತ್ತಿದ್ದೆ.

ಯೋಜನೆಯ ಇತಿಮಿತಿಗಳೂ ಇವೆ. ಖಾತೆ ತೆರೆದ ದಿನದ ಬಡ್ಡಿ ದರವೇ ಐದು ವರ್ಷವೂ ಇರುತ್ತದೆ. ದರ ಇಳಿಯುವ ಕಾಲದಲ್ಲಿ ಇದು ಅನುಕೂಲ, ಏರುವ ಕಾಲದಲ್ಲಿ ನಷ್ಟ. 2023ರ ಅಕ್ಟೋಬರ್‌ನಲ್ಲಿ ಹೊಸ ಖಾತೆಗಳ ದರ ಶೇ. 6.7ಕ್ಕೆ ಏರಿದರೂ ನನ್ನ ಹಣ ಶೇ. 5.8ರಲ್ಲೇ ಕುಳಿತಿತ್ತು. ಕಂತನ್ನು ನಡುವೆ ಹೆಚ್ಚಿಸಲು ಬರುವುದಿಲ್ಲ, ಬೇಕಿದ್ದರೆ ಇನ್ನೊಂದು ಖಾತೆ ತೆರೆಯಬೇಕು. ಆದಾಯ ತೆರಿಗೆಯ 80ಸಿ ವಿನಾಯಿತಿಯೂ ಇದಕ್ಕಿರಲಿಲ್ಲ.

ನಾನು ಒಮ್ಮೆ ಸುಸ್ತಿದಾರನೂ ಆದೆ. ತಿಂಗಳ 15ರೊಳಗೆ ತೆರೆದ ಖಾತೆಗೆ ಪ್ರತಿ ಕಂತನ್ನೂ 15ರೊಳಗೇ ಕಟ್ಟಬೇಕು. “ಸರ್, ಹದಿನೈದರೊಳಗೆ ಕೊಟ್ಟುಬಿಡಿ, ದಾಟಿದರೆ ನನ್ನ ಕೈಲಿಲ್ಲ” ಎಂದು ಏಜೆಂಟ್ ಅಕ್ಕ ಪ್ರತಿ ತಿಂಗಳೂ ನೆನಪಿಸುತ್ತಿದ್ದರು. ಆದರೆ 2022ರ ದಸರಾ ತಿಂಗಳಲ್ಲಿ ಸಂಬಳವಾದದ್ದೇ 17ಕ್ಕೆ. ನೂರಕ್ಕೆ ಒಂದು ರೂಪಾಯಿಯಂತೆ ಇಪ್ಪತ್ತು ರೂಪಾಯಿ ದಂಡ ಬಿತ್ತು. ಮೊತ್ತ ಚಿಕ್ಕದು, ಆದರೂ ಪಾಸ್‌ಬುಕ್ಕಿನಲ್ಲಿ ಆ 20 ನಮೂದಾದುದನ್ನು ಕಂಡಾಗ, ಕಾರ್ಡಿನ ಬಿಲ್ಲಿನಲ್ಲಿ ಸಾವಿರಗಟ್ಟಲೆ ಬಡ್ಡಿ ನೋಡಿಯೂ ಆಗದಿದ್ದ ಕಸಿವಿಸಿಯಾಯಿತು. ಅಂದಿನಿಂದ ಸಂಬಳದ ದಿನ ಮೊದಲು ಕಂತಿನ ಹಣವನ್ನು ಎತ್ತಿಟ್ಟು, ಉಳಿದುದರಲ್ಲಿ ಬಾಡಿಗೆ, ದಿನಸಿ, ಹಾಲಿನ ಲೆಕ್ಕ ಬರೆಯುವುದು ನಮ್ಮ ಮನೆಯಲ್ಲಿ ರೂಢಿಯಾಗಿದೆ.

ಅವಧಿ ಮುಗಿದು ಬಂದ ಹಣದಲ್ಲಿ 60,000 ರೂಪಾಯಿಯನ್ನು ಮೂರು ತಿಂಗಳ ಮನೆ ಖರ್ಚಿಗೆಂದು ತೆಗೆದಿಟ್ಟು, ಶೇ. 6.7ರ ದರದಲ್ಲಿ ತಿಂಗಳಿಗೆ 3,000 ರೂಪಾಯಿಯ ಹೊಸ ಆರ್‌ಡಿ ತೆರೆದಿದ್ದೇನೆ. 15ರ ನಂತರ ತೆರೆದ ಖಾತೆಗೆ ತಿಂಗಳ ಕೊನೆಯ ಕೆಲಸದ ದಿನದವರೆಗೂ ಕಂತು ಕಟ್ಟಲು ಅವಕಾಶವಿರುವುದರಿಂದ, ಈ ಸಲ ಬೇಕೆಂದೇ 18ನೇ ತಾರೀಖಿನವರೆಗೆ ಕಾದು ಹೋದೆ.