ಲೆವೆಲ್ ಟ್ರಿಗರ್ರೋ, ಎಸ್‌ಟಿಎ/ಎಲ್‌ಟಿಎಯೋ: ಪುಣೆಯಲ್ಲಿ ಕೂತು ಕೊಯ್ನಾ ಕಂಪನ ಹಿಡಿಯಲು

ಭೂಕಂಪನ ದಾಖಲಿಸುವ ರೆಕಾರ್ಡರಿಗೆ ಯಾವಾಗ ಫೈಲ್ ಉಳಿಸಬೇಕೆಂದು ಹೇಳುವುದು ಟ್ರಿಗರ್. ಲೆವೆಲ್ ಟ್ರಿಗರ್ ಮಾತ್ರ ಇರುವ ಹಳೆಯ ರೆಕಾರ್ಡರ್ ಅಗ್ಗಕ್ಕೆ ಸಿಕ್ಕಿತೆಂದು ಪುಣೆಯ ವಸತಿ ಸೊಸೈಟಿಯಲ್ಲಿ ಇಡಲು ಕೊಳ್ಳಬೇಡಿ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ 1967ರ 6.3 ಮ್ಯಾಗ್ನಿಟ್ಯೂಡಿನ ಭೂಕಂಪದ ನಂತರವೂ ಸಣ್ಣ ಕಂಪನಗಳು ನಿಂತಿಲ್ಲ. ಅವು ಬೇಕಿದ್ದರೆ ಎಸ್‌ಟಿಎ/ಎಲ್‌ಟಿಎಯೇ ಸರಿ: ಈಚಿನ ಕೆಲವೇ ಕ್ಷಣಗಳ ಸಿಗ್ನಲ್ ಸರಾಸರಿ (ಎಸ್‌ಟಿಎ) ದೀರ್ಘ ಹೊತ್ತಿನ ಸರಾಸರಿಯ (ಎಲ್‌ಟಿಎ) ಎಷ್ಟು ಪಟ್ಟು ಇದೆ ಎಂದು ನೋಡುವ ಟ್ರಿಗರ್ ಅದು.

ಸಿಗ್ನಲ್ ಗೆರೆ ದಾಟಿತೇ ಎಂಬುದನ್ನಷ್ಟೇ ಲೆವೆಲ್ ಟ್ರಿಗರ್ ನೋಡುತ್ತದೆ. ಗೆರೆ ಕೆಳಗಿಟ್ಟರೆ ಸಿಂಹಗಡ ರಸ್ತೆಯ ಪ್ರತಿ ಬಸ್ಸೂ ಒಂದು ಇವೆಂಟ್ (ದಾಖಲಾಗುವ ಘಟನೆ). ಮೇಲಿಟ್ಟರೆ ಮೊದಲು ಬರುವ ದುರ್ಬಲ ಪಿ ಅಲೆ ಸದ್ದಿಲ್ಲದೆ ದಾಟಿಹೋಗಿ, ಹಿಂದಿನಿಂದ ಬಲವಾದ ಎಸ್ ಅಲೆ ಬಂದಾಗಷ್ಟೇ ಯಂತ್ರಕ್ಕೆ ಎಚ್ಚರ. ಕೊಯ್ನಾ ಇಲ್ಲಿಂದ ನೇರಕ್ಕೆ ಸುಮಾರು 125 ಕಿ.ಮೀ., ಎರಡು ಅಲೆಗಳ ನಡುವೆ ಹತ್ತಿರ ಹತ್ತಿರ 15 ಸೆಕೆಂಡ್. ಪ್ರಿ-ಇವೆಂಟ್ (ಟ್ರಿಗರ್ ಆಗುವ ಮುಂಚಿನ, ಫೈಲಿಗೆ ಸೇರುವ ಅವಧಿ) 10 ಸೆಕೆಂಡ್ ಇದ್ದರೆ ಫೈಲಿನಲ್ಲಿ ಪಿ ಇರುವುದೇ ಇಲ್ಲ, ಎರಡು ಅಲೆಗಳ ಅಂತರದಿಂದ ಮಾಡುವ ದೂರದ ಲೆಕ್ಕವೂ ಆಗುವುದಿಲ್ಲ. ಯಾವ ಟ್ರಿಗರ್ ಆದರೂ 30 ಸೆಕೆಂಡ್ ಇಡಿ. ಅಣೆಕಟ್ಟಿನ ಮೇಲಿನ, ಬಲವಾದ ಅಲುಗಾಟ ಅಳೆಯುವ ಆಕ್ಸಿಲರೋಗ್ರಾಫಿಗೆ ಲೆವೆಲ್ ಟ್ರಿಗರ್ ಸಾಕು.

ಎಸ್‌ಟಿಎ/ಎಲ್‌ಟಿಎಗೆ ನನ್ನ ಅಂಕಿಗಳು: ಎಸ್‌ಟಿಎ 1 ಸೆಕೆಂಡ್, ಎಲ್‌ಟಿಎ 60 ಸೆಕೆಂಡ್, ಅನುಪಾತ 3.5 ದಾಟಿದರೆ ಆನ್, 1.5ಕ್ಕೆ ಇಳಿದರೆ ಆಫ್, ಪೋಸ್ಟ್-ಇವೆಂಟ್ 60 ಸೆಕೆಂಡ್. ಎಸ್‌ಟಿಎ 0.2ಕ್ಕೆ ಇಳಿಸಿದರೆ ಬಾಗಿಲು ಬಡಿದರೂ ಫೈಲ್. ಗಣೇಶ ವಿಸರ್ಜನೆಯ ದಿನ ಹಿನ್ನೆಲೆ ಗದ್ದಲ ನಿಧಾನಕ್ಕೆ ಏರುವಾಗ ಎಲ್‌ಟಿಎಯೂ ಜೊತೆಗೇ ಏರುತ್ತದೆ. ಸುಳ್ಳು ಇವೆಂಟ್ ಕಡಿಮೆ, ಆದರೆ ಅಂದು ಸಣ್ಣ ಕಂಪನ ಸಿಗುವ ಆಸೆ ಬಿಡಿ.

ನಿಜವಾದ ಕಾಟ ಟ್ಯಾಂಕಿಗೆ ನೀರೇರಿಸುವ ಪಂಪಿನದು. ಟ್ರಿಗರ್ ಆನ್ ಇರುವಷ್ಟು ಹೊತ್ತು ಎಲ್‌ಟಿಎಯನ್ನು ಫ್ರೀಜ್ ಮಾಡುವ ಆಯ್ಕೆ ಅನೇಕ ರೆಕಾರ್ಡರ್‌ಗಳಲ್ಲಿದೆ. ಭೂಕಂಪನದ ಶಕ್ತಿ ಸರಾಸರಿಯಲ್ಲಿ ಸೇರಿ ಇವೆಂಟ್ ಬೇಗ ಮುಗಿಯದಿರಲಿ ಎಂದು ಈ ಏರ್ಪಾಡು. ಪಂಪು ಶುರುವಾದಾಗ ಇದೇ ತಿರುಗಿ ಬೀಳುತ್ತದೆ. ಎಲ್‌ಟಿಎ ಪಂಪಿಗಿಂತ ಮುಂಚಿನ ನಿಶ್ಶಬ್ದದಲ್ಲೇ ನಿಂತಿರುತ್ತದೆ, ಅನುಪಾತ 1.5ಕ್ಕೆ ಇಳಿಯುವುದಿಲ್ಲ, ಟ್ಯಾಂಕು ತುಂಬುವವರೆಗೂ ಒಂದೇ ಇವೆಂಟ್.

ಆನ್ ಮಿತಿಯನ್ನು 6ಕ್ಕೆ ಏರಿಸುವುದು ಮದ್ದಲ್ಲ, ಕಂಪನವೂ ತಪ್ಪುತ್ತದೆ. ಫ್ರೀಜ್ ತೆಗೆಯಿರಿ, ಇಲ್ಲವೇ ಗರಿಷ್ಠ ಇವೆಂಟ್ ಅವಧಿಯನ್ನು 180 ಸೆಕೆಂಡಿಗೆ ಕಟ್ಟಿ, ಅದು ಮುಗಿದಾಗ ಎಲ್‌ಟಿಎ ಹೊಸದಾಗಿ ತುಂಬುವಂತೆ ಮಾಡಿ. ಜೊತೆಗೆ ಟ್ರಿಗರ್ ದಾರಿಗೆ 2ರಿಂದ 12 ಹರ್ಟ್ಸ್ ಬ್ಯಾಂಡ್‌ಪಾಸ್, ಅಂದರೆ ಆ ವ್ಯಾಪ್ತಿಯನ್ನಷ್ಟೇ ಬಿಡುವ ಫಿಲ್ಟರ್. ನಿಮಿಷಕ್ಕೆ 1440 ಸುತ್ತಿನ ಮೋಟಾರಿನ ನಡುಕ 24 ಹರ್ಟ್ಸ್, ಅಂದರೆ 12ರ ಮೇಲೆ ಸರಿಯಾಗಿ ಒಂದು ಆಕ್ಟೇವ್ (ಎರಡು ಪಟ್ಟು). ಪೋಲ್ ಹೆಚ್ಚಿದಷ್ಟೂ ಫಿಲ್ಟರಿನ ಕಡಿತ ಚೂಪು; ನಾಲ್ಕು ಪೋಲಿನ ಫಿಲ್ಟರ್ ಅದನ್ನು ಸುಮಾರು ಹದಿನಾರನೇ ಒಂದಕ್ಕೆ ಇಳಿಸುತ್ತದೆ. ಮ್ಯಾನ್ಯುಯಲ್ ನೋಡಿಕೊಳ್ಳಿ: ಕೆಲವರ ‘ನಾಲ್ಕು ಪೋಲ್ ಬ್ಯಾಂಡ್‌ಪಾಸ್’ ಎಂದರೆ ಒಂದೊಂದು ಬದಿಗೆ ಎರಡೇ, ಆಗ ಕಾಲು ಭಾಗ ಉಳಿದೇ ಉಳಿಯುತ್ತದೆ. ಪೈಪಿನಲ್ಲಿ ಹರಿಯುವ ನೀರಿನ ಸದ್ದು ಬ್ಯಾಂಡಿನೊಳಗೂ ಬೀಳುವುದರಿಂದ ಫಿಲ್ಟರ್ ಒಂದನ್ನೇ ನಂಬಬೇಡಿ.

ಫಿಲ್ಟರ್ ಟ್ರಿಗರ್ ದಾರಿಗೆ ಮಾತ್ರ. ದಾಖಲಾಗುವ ಡೇಟಾ ಹಸಿಯಾಗಿಯೇ ಇರಲಿ, ಕತ್ತರಿಸಿದ್ದು ಮರಳಿ ಬಾರದು. ಆಮೇಲೆ ಪಿ ಗುರುತಿಸುವಾಗ ಜೀರೋ-ಫೇಸ್ ಫಿಲ್ಟರ್ (ಡೇಟಾದ ಮೇಲೆ ಮುಂದಕ್ಕೂ ಹಿಂದಕ್ಕೂ ಓಡುವಂಥದ್ದು) ಬೇಡ, ಅಲೆ ಬರುವ ಮುಂಚೆಯೇ ಬಂದಂತೆ ತೋರಿಸುತ್ತದೆ.

ಮೂರನೆಯ ದಾರಿಯೂ ಇದೆ: ಎಡೆಬಿಡದ ರೆಕಾರ್ಡಿಂಗ್. ಮೂರು ಚಾನೆಲ್, ಸೆಕೆಂಡಿಗೆ 100 ಸ್ಯಾಂಪಲ್, ತಲಾ 4 ಬೈಟ್ ಎಂದರೆ ದಿನಕ್ಕೆ ಸುಮಾರು 104 ಎಂಬಿ. 32 ಜಿಬಿ ಕಾರ್ಡು ಕಂಪ್ರೆಸ್ ಮಾಡದೆಯೇ ಹತ್ತು ತಿಂಗಳು ಬರುತ್ತದೆ. ಮನೆಯ ಕರೆಂಟಿನಲ್ಲಿ ಓಡುವ ಯಂತ್ರಕ್ಕೆ ನಾನು ಆರಿಸುವುದು ಇದನ್ನೇ, ಎಸ್‌ಟಿಎ/ಎಲ್‌ಟಿಎಯನ್ನು ಲ್ಯಾಪ್‌ಟಾಪಿನಲ್ಲಿ ಒಬ್ಸ್‌ಪೈ ಎಂಬ ಪೈಥಾನ್ ತಂತ್ರಾಂಶದ ಮೂಲಕ ನಡೆಸಿಕೊಂಡು. ಅಂಕಿ ತಪ್ಪಿದರೆ ಹಳೆಯ ಡೇಟಾದ ಮೇಲೆಯೇ ಮತ್ತೆ ಓಡಿಸಬಹುದು. ಸಿಮ್ ಮೂಲಕ ಡೇಟಾ ಕಳಿಸುವ, ಬ್ಯಾಟರಿಯ ಮೇಲೆ ನಡೆಯುವ ಯಂತ್ರವಾದರೆ ಮಾತ್ರ ಟ್ರಿಗರ್ ರೆಕಾರ್ಡರಿನಲ್ಲೇ ಇರಲಿ, ಫ್ರೀಜ್ ತೆಗೆದು.