ನಾಯಿಯ ಸೀಸನ್ ಅಲರ್ಜಿ: ಸ್ನಾನ, ಮಾತ್ರೆ, ಇಂಜೆಕ್ಷನ್ – ಯಾವುದು ಎಷ್ಟು ಕೆಲಸ ಮಾಡಿತು?

ಗಾಳಿಯಲ್ಲಿ ಪರಾಗ ಜಾಸ್ತಿಯಾದಾಗ ನಮಗೆ ಮೂಗು ಸೋರುತ್ತದೆ, ನಾಯಿಗೆ ಮೈ ತುರಿಸುತ್ತದೆ. ಸೀನುವ ನಾಯಿಗಳೂ ಇವೆ, ಆದರೆ ಹೆಚ್ಚಿನವು ಕೆರೆದುಕೊಳ್ಳುತ್ತವೆ, ನೆಕ್ಕಿಕೊಳ್ಳುತ್ತವೆ, ನೆಲಕ್ಕೆ ಮುಖ ಉಜ್ಜುತ್ತವೆ. ನಮ್ಮ ಜೂಲಿಗೆ ಇದು ಶುರುವಾದದ್ದು ಎರಡನೇ ವರ್ಷದಲ್ಲಿ. ಬಹಳಷ್ಟು ನಾಯಿಗಳಲ್ಲಿ ಆರು ತಿಂಗಳಿಂದ ಮೂರು ವರ್ಷದೊಳಗೇ ಇದು ಕಾಣಿಸಿಕೊಳ್ಳುತ್ತದೆ. ಮುಂಗಾಲಿನ ಪಾದ ನೆಕ್ಕಿ ನೆಕ್ಕಿ ಅವಳ ಬಿಳಿ ಕೂದಲು ತುಕ್ಕು ಬಣ್ಣಕ್ಕೆ ತಿರುಗಿತ್ತು. ನೋಡಿದರೆ ರಕ್ತವೇನೋ ಅನ್ನಿಸುತ್ತದೆ, ಆದರೆ ಅದು ಜೊಲ್ಲಿನ ಕಲೆ ಅಷ್ಟೇ. ಕಂಕುಳು, ಹೊಟ್ಟೆ, ಕಿವಿಯ ಒಳಭಾಗ ಎಲ್ಲ ಕೆಂಪು.

ಆಮೇಲೆ ಪ್ರತಿ ಸೀಸನ್‌ನಲ್ಲೂ ಡಾಕ್ಟರ್ ಹೇಳಿದ್ದನ್ನು ಒಂದೊಂದಾಗಿ ನೋಡುತ್ತಾ ಬಂದಿದ್ದೇವೆ. ಇದರಲ್ಲಿ ಹೋಲಿಕೆ ಮಾಡುವುದು ಸ್ವಲ್ಪ ಕಷ್ಟ. ಸೀಸನ್ ಅಲರ್ಜಿ ತಾನಾಗಿಯೇ ಇಳಿದುಹೋಗುತ್ತದಲ್ವಾ? ಹಾಗಾಗಿ ಕೊನೆಗೆ ಕೊಟ್ಟದ್ದು ಯಾವುದೋ ಅದಕ್ಕೇ ಒಳ್ಳೆ ಹೆಸರು ಬರುತ್ತದೆ. ಇದನ್ನು ತಪ್ಪಿಸೋಕೆ ನಾನು ಮಾಡಿದ್ದು ಇಷ್ಟೇ: ದಿನವೂ ರಾತ್ರಿ ಜೂಲಿಯ ತುರಿಕೆಗೆ 0ಯಿಂದ 10ರೊಳಗೆ ಒಂದು ಅಂಕ ಬರೆದಿಟ್ಟೆ. ಚರ್ಮದ ಡಾಕ್ಟರುಗಳೂ ಇಂಥದ್ದೇ ಅಳತೆ ಬಳಸುತ್ತಾರೆ. 0 ಅಂದರೆ ಮಾಮೂಲಿ ನಾಯಿ, 10 ಅಂದರೆ ಊಟ ನಿದ್ದೆ ಬಿಟ್ಟು ಕೆರೆಯುವುದು. ಮತ್ತೆ, ಒಂದು ಸಲಕ್ಕೆ ಒಂದೇ ಹೊಸದು. ಶಾಂಪೂ, ಮಾತ್ರೆ, ಎಣ್ಣೆ ಎಲ್ಲ ಒಂದೇ ವಾರ ಶುರು ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಹೋಲಿಕೆಗೆ ಮುಂಚೆ ಚಿಗಟದ ವಿಷಯ ಮುಗಿಸಿಬಿಡಬೇಕು. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತವೇ ಸಾಕು, ಮೈಮೇಲೆ ಚಿಗಟ ಕಾಣಲೇಬೇಕು ಅಂತಿಲ್ಲ. ಅಂಥ ತುರಿಕೆ ಹೆಚ್ಚಾಗಿ ಬಾಲದ ಬುಡದಲ್ಲಿ, ಸೊಂಟದ ಮೇಲೆ ಇರುತ್ತದೆ. ಪರಾಗದ ತುರಿಕೆಗೆ ಪಾದ, ಕಿವಿ, ಮುಖ, ಕಂಕುಳು ಇಷ್ಟ. ವರ್ಷವಿಡೀ ಒಂದೇ ಸಮ ತುರಿಸಿದರೆ ಮನೆ ಧೂಳಿನ ನುಸಿಯೋ ಆಹಾರವೋ ಕಾರಣ ಇರಬಹುದು. ಆಹಾರ ಹೌದೋ ಅಲ್ಲವೋ ಅಂತ ತಿಳಿಯಲು ಸುಮಾರು ಎಂಟು ವಾರ ಕಟ್ಟುನಿಟ್ಟಿನ ಪಥ್ಯವೇ ದಾರಿ. ಜೂಲಿಯದು ವರ್ಷಕ್ಕೆ ಕೆಲವೇ ತಿಂಗಳ ಗೋಳು, ಹಾಗಾಗಿ ನಾವು ಆ ಕಡೆ ಹೋಗಲಿಲ್ಲ.

ಮೊದಲು ನೀರಿನ ಕೆಲಸ. ನಾಯಿಗೆ ಪರಾಗ ಮೂಗಿನಿಂದ ಹೋಗುವುದಕ್ಕಿಂತ ಚರ್ಮದಿಂದಲೇ ಜಾಸ್ತಿ ತೊಂದರೆ ಕೊಡುತ್ತದೆ. ಅಲರ್ಜಿ ಇರುವ ನಾಯಿಗಳ ಚರ್ಮದ ತಡೆಗೋಡೆಯೇ ದುರ್ಬಲ. ಆದ್ದರಿಂದ ತೊಳೆಯುವುದು ಬರೀ ಸ್ವಚ್ಛತೆಯ ಮಾತಲ್ಲ, ಚಿಕಿತ್ಸೆಯ ಒಂದು ಭಾಗ. ನಾವು ಎರಡು ರೀತಿ ನೋಡಿದೆವು. ಒಂದು, ವಾಕಿಂಗ್‌ನಿಂದ ಬಂದ ಕೂಡಲೇ ಪಾದ, ಹೊಟ್ಟೆ, ಮುಖ ಒದ್ದೆ ಬಟ್ಟೆಯಲ್ಲಿ ಒರೆಸಿ ಬೆರಳ ಸಂದುಗಳನ್ನು ಒಣಗಿಸುವುದು. ಇನ್ನೊಂದು, ವಾರಕ್ಕೊಮ್ಮೆ ಪೂರ್ತಿ ಸ್ನಾನ. ಒರೆಸುವುದಕ್ಕೆ ಖರ್ಚಿಲ್ಲ, ಅಂಕ ಸ್ವಲ್ಪ ಇಳಿಯಿತು, ಪಾದದ ಬಣ್ಣವೂ ನಿಧಾನಕ್ಕೆ ತಿಳಿಯಾಯಿತು. ಸ್ನಾನದ ಪರಿಣಾಮ ಇನ್ನೂ ಚೆನ್ನಾಗಿತ್ತು, ಆದರೆ ಅದು ನಿಂತದ್ದು ಎರಡು ಮೂರು ದಿನ.

ಸ್ನಾನದಲ್ಲಿ ಗೆಲ್ಲುವುದೂ ಸೋಲುವುದೂ ಸಣ್ಣ ವಿಷಯಗಳಿಂದ. ಬಿಸಿ ನೀರು ತುರಿಕೆ ಹೆಚ್ಚಿಸುತ್ತದೆ, ಉಗುರುಬೆಚ್ಚಗೆ ಅಥವಾ ಅದಕ್ಕಿಂತ ತಣ್ಣಗಿರಬೇಕು. ಔಷಧಿ ಶಾಂಪೂ ಹಚ್ಚಿ ಹತ್ತು ನಿಮಿಷ ಬಿಡಬೇಕು, ಇಲ್ಲದಿದ್ದರೆ ಸುಮ್ನೆ ದುಡ್ಡು ನೀರಿಗೆ. ಆ ಹತ್ತು ನಿಮಿಷ ಒದ್ದೆ ನಾಯಿಯನ್ನು ಹಿಡಿದು ನಿಲ್ಲಿಸುವವರಿಗೆ ಯಾರಾದರೂ ಪದಕ ಕೊಡಬೇಕು. ಶಾಂಪೂಗಳಲ್ಲಿ ನಾವು ಓಟ್ಸ್ ಇರುವ ಸೌಮ್ಯವಾದದ್ದನ್ನೂ, ಕ್ರಿಮಿ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಇರುವುದನ್ನೂ ಬಳಸಿದ್ದೇವೆ. ಬರೀ ಕೆಂಪಾಗಿ ಒಣಗಿದ ಚರ್ಮಕ್ಕೆ ಓಟ್ಸ್ ಶಾಂಪೂ ಹಿತ. ಜಿಡ್ಡು, ಹುಳಿ ವಾಸನೆ, ಗುಳ್ಳೆ ಇದ್ದರೆ ಕ್ಲೋರ್‌ಹೆಕ್ಸಿಡಿನ್. ನಮ್ಮ ತಲೆಗೆ ಹಾಕುವ ಶಾಂಪೂ ಬೇಡ, ಅದು ನಾಯಿ ಚರ್ಮಕ್ಕಾಗಿ ಮಾಡಿದ್ದಲ್ಲ. ಇನ್ನೊಂದು ವಿಷಯ ನೆನಪಿರಲಿ: ಬೆನ್ನ ಮೇಲೆ ಹಾಕುವ ಚಿಗಟದ ಔಷಧಿಗಳಲ್ಲಿ ಕೆಲವು ಪದೇ ಪದೇ ಸ್ನಾನ ಮಾಡಿಸಿದರೆ ತೊಳೆದುಹೋಗುತ್ತವೆ. ಸ್ನಾನ ಜಾಸ್ತಿ ಮಾಡಿಸುವವರು ಬಾಯಿಗೆ ಕೊಡುವ ಚಿಗಟದ ಮಾತ್ರೆಯ ಬಗ್ಗೆ ಕೇಳುವುದು ಒಳ್ಳೆಯದು.

ವಿನೆಗರ್ ಸಿಂಪಡಿಸಿ, ಟೀ ಟ್ರೀ ಎಣ್ಣೆ ಹಚ್ಚಿ ಅಂತ ಹೇಳುವವರು ಎಲ್ಲೆಡೆ ಸಿಗುತ್ತಾರೆ. ಎರಡನ್ನೂ ನಾನು ಮುಟ್ಟಲಿಲ್ಲ. ಕೆರೆದು ಬಿರುಕು ಬಿಟ್ಟ ಚರ್ಮಕ್ಕೆ ವಿನೆಗರ್ ಅಂದರೆ ಉರಿ. ಟೀ ಟ್ರೀ ಎಣ್ಣೆ ನಾಯಿಗೆ ವಿಷ.

ಇನ್ನು ಸೆಟಿರಿಜಿನ್ ಮತ್ತು ಮೀನೆಣ್ಣೆ. ಇವೆರಡನ್ನೂ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಹೇಳಲು ಜಾಸ್ತಿ ಇಲ್ಲ. ಅಲರ್ಜಿ ಮಾತ್ರೆ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಸೆಟಿರಿಜಿನ್. ಅದು ತಡೆಯುವುದು ಹಿಸ್ಟಮಿನ್ ಎಂಬ ದೇಹದ ರಾಸಾಯನಿಕವನ್ನು. ಆದರೆ ನಾಯಿಯ ತುರಿಕೆಯಲ್ಲಿ ಹಿಸ್ಟಮಿನ್‌ನದು ಸಣ್ಣ ಪಾತ್ರ. ಜೂಲಿ ಸ್ವಲ್ಪ ಮಂಕಾದಳು, ಅಂಕ ಹೆಚ್ಚು ಅಲುಗಾಡಲಿಲ್ಲ. ತುರಿಕೆ ಶುರುವಾಗುವ ಮುಂಚೆಯೇ ಕೊಟ್ಟರೆ ಕೆಲವು ನಾಯಿಗಳಿಗೆ ಉಪಯೋಗ ಆಗುತ್ತದೆ, ಏರಿದ ಮೇಲೆ ಇಳಿಸುವ ಶಕ್ತಿ ಅದಕ್ಕಿಲ್ಲ. ಮನೆಯ ಔಷಧಿ ಡಬ್ಬಿಯಿಂದ ತೆಗೆದು ಕೊಡುವುದಂತೂ ಬೇಡವೇ ಬೇಡ. ಮೂಗು ಕಟ್ಟಿದ್ದಕ್ಕೂ ಸೇರಿಸಿ ಮಾಡಿದ ಕೆಲವು ಮಾತ್ರೆಗಳಲ್ಲಿ ಸೂಡೊಎಫೆಡ್ರಿನ್ ಇರುತ್ತದೆ, ಕೆಲವು ಸಿರಪ್‌ಗಳಲ್ಲಿ ಝೈಲಿಟಾಲ್ ಎಂಬ ಸಿಹಿಕಾರಕ ಇರುತ್ತದೆ. ಎರಡೂ ನಾಯಿಯ ಪ್ರಾಣಕ್ಕೇ ಕುತ್ತು. ಮೀನೆಣ್ಣೆಗೆ ಎರಡು ಮೂರು ತಿಂಗಳು ಬೇಕು. ಸೀಸನ್ ಬಂದ ಮೇಲೆ ಶುರು ಮಾಡಿದರೆ ಫಲ ಬರುವ ಹೊತ್ತಿಗೆ ಸೀಸನ್ನೇ ಮುಗಿದಿರುತ್ತದೆ. ಈಗ ನಾವು ವರ್ಷಪೂರ್ತಿ ಕೊಡುತ್ತೇವೆ. ಕೂದಲು ಹೊಳೆಯುತ್ತದೆ, ತುರಿಕೆಗೆ ಎಷ್ಟು ಉಪಯೋಗ ಅಂತ ಎದೆ ತಟ್ಟಿ ಹೇಳಲಾರೆ. ಅಗಸೆ ಎಣ್ಣೆ ಇದಕ್ಕೆ ಬದಲಿ ಅಲ್ಲ. ಅದರಲ್ಲಿರುವ ಒಮೆಗಾ-3 ಬೇರೆ ರೂಪದ್ದು, ನಾಯಿಯ ದೇಹ ಅದನ್ನು ಬೇಕಾದ ರೂಪಕ್ಕೆ ಬದಲಾಯಿಸುವುದು ತೀರಾ ಕಡಿಮೆ.

ನಿಜವಾದ ಪೈಪೋಟಿ ಇರುವುದು ಮೂರರ ನಡುವೆ: ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ, ಒಕ್ಲಾಸಿಟಿನಿಬ್ ಮಾತ್ರೆ, ಲೊಕಿವೆಟ್‌ಮ್ಯಾಬ್ ಇಂಜೆಕ್ಷನ್. ಒಕ್ಲಾಸಿಟಿನಿಬ್ ಅಪೊಕ್ವೆಲ್ ಹೆಸರಲ್ಲಿ 2013ರಲ್ಲಿ ಬಂತು. ಲೊಕಿವೆಟ್‌ಮ್ಯಾಬ್‌ನ ಮಾರಾಟದ ಹೆಸರು ಸೈಟೊಪಾಯಿಂಟ್.

ಬರೀ ವೇಗ ನೋಡಿದರೆ ಸ್ಟೀರಾಯ್ಡ್‌ಗೂ ಒಕ್ಲಾಸಿಟಿನಿಬ್‌ಗೂ ಸಮಸಮ. ಎರಡರಲ್ಲೂ ಕೆಲವೇ ಗಂಟೆಗಳಲ್ಲಿ ನಾಯಿ ಮಲಗುತ್ತದೆ, ಮನೆಯವರೂ ಮಲಗುತ್ತಾರೆ. ಇಂಜೆಕ್ಷನ್‌ಗೆ ಒಂದು ದಿನದಷ್ಟು ಹೊತ್ತು ಬೇಕಾಯಿತು. ಆದರೆ ಸ್ಟೀರಾಯ್ಡ್ ಶುರುವಾದ ಮೇಲೆ ಜೂಲಿ ಬೇರೆಯೇ ನಾಯಿಯಾದಳು. ಬಟ್ಟಲುಗಟ್ಟಲೆ ನೀರು, ರಾತ್ರಿ ಮತ್ತೆ ಮತ್ತೆ ಬಾಗಿಲು ತೆಗೆಯಿರಿ ಎಂಬ ಗಲಾಟೆ, ಎಷ್ಟು ತಿಂದರೂ ತೀರದ ಹಸಿವು, ಸುಮ್ಮನೆ ಕೂತಾಗಲೂ ಏದುಸಿರು. ಇವೆಲ್ಲ ಆ ಔಷಧಿಯ ಗೊತ್ತಿರುವ ಗುಣಗಳೇ. ತಿಂಗಳುಗಟ್ಟಲೆ ಕೊಟ್ಟರೆ ಸ್ನಾಯು ಕರಗುವುದು, ಚರ್ಮ ತೆಳ್ಳಗಾಗುವುದು, ಸೋಂಕು, ಸಕ್ಕರೆ ಕಾಯಿಲೆ ತನಕ ಹೋಗಬಹುದು. ಹಲವು ದಿನ ಕೊಟ್ಟದ್ದನ್ನು ದಿಢೀರ್ ನಿಲ್ಲಿಸುವ ಹಾಗಿಲ್ಲ, ಇಳಿಸುತ್ತಾ ಬರಬೇಕು. ಕೀಲುನೋವಿಗೆ ಕೊಡುವ ನೋವಿನ ಮಾತ್ರೆ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಇಷ್ಟಾದರೂ ಇದನ್ನು ನಾನು ತಳ್ಳಿಹಾಕುವುದಿಲ್ಲ. ಮೂರರಲ್ಲಿ ಅಗ್ಗ ಇದೇ. ಕಿವಿ ಊದಿ ಮುಚ್ಚಿಹೋದಂಥ ಜೋರು ಉರಿಯೂತವನ್ನು ಇಳಿಸುವಲ್ಲಿ ಉಳಿದೆರಡೂ ಇದರ ಸಮಕ್ಕೆ ಬರುವುದಿಲ್ಲ. ಕೆಲವು ದಿನಗಳ ಬೆಂಕಿ ಆರಿಸಲು ಸರಿ, ಇಡೀ ಸೀಸನ್‌ಗೆ ಬೇಡ ಅನ್ನುವುದು ನನ್ನ ಲೆಕ್ಕ.

ಒಕ್ಲಾಸಿಟಿನಿಬ್‌ನಲ್ಲಿ ನೀರಡಿಕೆ, ಹಸಿವಿನ ಆ ಕಾಟ ಇರಲಿಲ್ಲ. ಅದನ್ನು ಮೊದಲು ಹೆಚ್ಚೆಂದರೆ 14 ದಿನ ದಿನಕ್ಕೆರಡು ಸಲ ಕೊಟ್ಟು, ಆಮೇಲೆ ಒಂದು ಸಲಕ್ಕೆ ಇಳಿಸುತ್ತಾರೆ. ಇಳಿಸಿದಾಗ ತುರಿಕೆ ಸ್ವಲ್ಪ ಮತ್ತೆ ಏರುವುದು ಬಹಳ ನಾಯಿಗಳಲ್ಲಿ ಕಾಣುವ ಸಂಗತಿ, ಜೂಲಿಯ ಅಂಕವೂ ಒಂದೆರಡು ಮೆಟ್ಟಿಲು ಹತ್ತಿ ಆಮೇಲೆ ನೆಲೆಗೆ ಬಂತು. ಇದರ ದೊಡ್ಡ ಲಾಭ, ಬೇಕಾದಾಗ ಶುರು ಮಾಡಿ ಬೇಡವಾದಾಗ ನಿಲ್ಲಿಸಬಹುದು. ಒಂದು ವರ್ಷದೊಳಗಿನ ಮರಿಗೆ ಕೊಡುವಂತಿಲ್ಲ. ಗಂಭೀರ ಸೋಂಕು ಇದ್ದರೂ ಇಲ್ಲ. ಇದು ರೋಗನಿರೋಧಕ ವ್ಯವಸ್ಥೆಯನ್ನೇ ಸ್ವಲ್ಪ ತಗ್ಗಿಸುವ ಔಷಧಿ. ಕ್ಯಾನ್ಸರ್ ಆಗಿದ್ದ ನಾಯಿಯಾದರೆ ಡಾಕ್ಟರಿಗೆ ಮೊದಲೇ ಹೇಳಬೇಕು.

ಇಂಜೆಕ್ಷನ್‌ನ ದಾರಿಯೇ ಬೇರೆ. ತುರಿಕೆಯ ಸುದ್ದಿಯನ್ನು ನರಗಳಿಗೆ ಮುಟ್ಟಿಸುವ ಇಂಟರ್‌ಲ್ಯೂಕಿನ್-31 ಎಂಬ ಒಂದೇ ಪ್ರೋಟೀನನ್ನು ಅದು ಹಿಡಿದು ಕಟ್ಟಿಹಾಕುತ್ತದೆ, ಬೇರೆ ಕಡೆ ಕೈಯಾಡಿಸುವುದಿಲ್ಲ. ಹಾಗಾಗಿ ಬೇರೆ ಔಷಧಿಗಳ ಜೊತೆಗೂ ಹೊಂದುತ್ತದೆ, ಒಂದು ವರ್ಷದೊಳಗಿನ ಮರಿಗೂ ನಡೆಯುತ್ತದೆ. ಒಂದು ಸಲ ಕೊಟ್ಟರೆ ನಾಲ್ಕರಿಂದ ಎಂಟು ವಾರ. ಜೂಲಿಗೆ ಅದು ಪೂರ್ತಿ ಎಂಟು ವಾರ ಬರುವುದಿಲ್ಲ, ಆರರ ಹತ್ತಿರ ಪಾದ ನೆಕ್ಕುವುದು ಮತ್ತೆ ಶುರು. ಮಾತ್ರೆಯನ್ನು ಕೆನ್ನೆಯೊಳಗೆ ಬಚ್ಚಿಟ್ಟು ಸೋಫಾ ಹಿಂದೆ ಉಗಿದು ಬರುವ ನಾಯಿ ಇರುವ ಮನೆಗೆ ಇದು ವರ. ತೊಂದರೆಯೂ ಇದೆ. ಕೆಲವು ನಾಯಿಗಳಿಗೆ ಇದು ಹತ್ತುವುದೇ ಇಲ್ಲ. ತುರಿಕೆ ನಿಂತರೂ ಕೆಂಪು, ಕಿವಿ ಊತ ಅಷ್ಟಾಗಿ ಇಳಿಯುವುದಿಲ್ಲ. ಮಾತ್ರೆಯಾದರೆ ಅರ್ಧದಲ್ಲಿ ನಿಲ್ಲಿಸಬಹುದು, ಇಂಜೆಕ್ಷನ್‌ನ ದುಡ್ಡು ಹೋದದ್ದು ಹೋಯಿತು.

ಈಗ ನಮ್ಮ ಮನೆಯಲ್ಲಿ ನಡೆಯುವುದು ಹೀಗೆ: ಸೀಸನ್ ಶುರುವಾಗುವ ಸೂಚನೆ ಕಂಡ ಕೂಡಲೇ ಇಂಜೆಕ್ಷನ್, ಜೊತೆಗೆ ದಿನವೂ ಒರೆಸುವುದು, ವಾರಕ್ಕೊಂದು ಸ್ನಾನ. ಸೀಸನ್ನಿನ ಬಾಲಕ್ಕೆ, ಇನ್ನೊಂದು ಇಂಜೆಕ್ಷನ್ ದಂಡ ಅನ್ನಿಸುವ ಕೆಲವೇ ವಾರಗಳಿಗೆ, ಒಕ್ಲಾಸಿಟಿನಿಬ್. ನಿಮ್ಮ ನಾಯಿ ಮಾತ್ರೆಯನ್ನು ತಕರಾರಿಲ್ಲದೆ ನುಂಗುವುದಾದರೆ, ಸೀಸನ್ ಒಂದೇ ತಿಂಗಳಿನದ್ದಾದರೆ, ನಾನು ಮಾತ್ರೆಯನ್ನೇ ಮೊದಲು ಆರಿಸುತ್ತಿದ್ದೆ.

ವರ್ಷದ ಹೆಚ್ಚು ಭಾಗ ತುರಿಸುವ ನಾಯಿಗೆ ಇನ್ನೊಂದು ದಾರಿ ಇದೆ, ಇಮ್ಯುನೊಥೆರಪಿ. ಯಾವುದಕ್ಕೆ ಅಲರ್ಜಿಯೋ ಅದನ್ನೇ ಸಣ್ಣ ಪ್ರಮಾಣದಲ್ಲಿ ಕೊಟ್ಟು ದೇಹವನ್ನು ಒಗ್ಗಿಸುವುದು. ಬರೀ ತುರಿಕೆ ಅದುಮದೆ ಅಲರ್ಜಿಯನ್ನೇ ಬದಲಿಸಲು ನೋಡುವುದು ಇದೊಂದೇ. ಫಲ ಕಾಣಲು ಆರು ತಿಂಗಳಿಂದ ಒಂದು ವರ್ಷ ಬೇಕು, ಎಲ್ಲ ನಾಯಿಗೂ ಒಗ್ಗುವುದಿಲ್ಲ. ಜೂಲಿಯ ಗೋಳು ಅಷ್ಟು ಉದ್ದದ್ದಲ್ಲ, ಹಾಗಾಗಿ ನಾವು ಅದಕ್ಕೆ ಕೈ ಹಾಕಿಲ್ಲ. ಮಾಡಿಸುವವರು ರಕ್ತ ಪರೀಕ್ಷೆ ಅಲರ್ಜಿ ಇದೆಯೋ ಇಲ್ಲವೋ ಹೇಳುತ್ತದೆ ಅಂದುಕೊಳ್ಳಬೇಡಿ. ಅಲರ್ಜಿ ಅಂತ ಡಾಕ್ಟರ್ ಖಚಿತ ಮಾಡಿದ ಮೇಲೆ, ಒಗ್ಗಿಸಲು ಕೊಡುವ ಲಸಿಕೆಯಲ್ಲಿ ಏನೇನು ಸೇರಿಸಬೇಕು ಅಂತ ಆರಿಸಲು ಅದು.

ಚೆನ್ನಾಗಿ ಕೆಲಸ ಮಾಡುತ್ತಿದ್ದ ಔಷಧಿ ಇದ್ದಕ್ಕಿದ್ದಂತೆ ಸೋತರೆ, ಬೇರೆ ಔಷಧಿಗೆ ಹಾರುವ ಮುಂಚೆ ಕಿವಿಯನ್ನೂ ಬೆರಳ ಸಂದುಗಳನ್ನೂ ಮೂಸಿ ನೋಡಿ. ಹುಳಿ ವಾಸನೆ, ಜಿಡ್ಡು, ಕಂದು ಗುಗ್ಗೆ ಇದ್ದರೆ ಮಲಸೀಜಿಯ ಎಂಬ ಯೀಸ್ಟ್ ಸೇರಿಕೊಂಡಿರಬಹುದು. ಕೀವು ಗುಳ್ಳೆ ಇದ್ದರೆ ಬ್ಯಾಕ್ಟೀರಿಯಾ. ಆ ತುರಿಕೆಗೆ ಸ್ಟೀರಾಯ್ಡ್, ಒಕ್ಲಾಸಿಟಿನಿಬ್, ಇಂಜೆಕ್ಷನ್ ಈ ಮೂರರಲ್ಲಿ ಯಾವುದೂ ಮದ್ದಲ್ಲ. ಡಾಕ್ಟರ್ ಒಂದು ಟೇಪಿನ ತುಂಡು ಚರ್ಮಕ್ಕೆ ಅಂಟಿಸಿ ತೆಗೆದು ಮೈಕ್ರೋಸ್ಕೋಪ್ ಕೆಳಗೆ ನೋಡಿದರೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ.